ಮನೆಯಲ್ಲಿ ಕಾಳುಗಳಿಗೆ ಮೊಳಕೆ ಕಟ್ಟುವ ಕ್ರಮ
(ಬಸವಕಲ್ಯಾಣ ತಾಲೂಕು ಮುಡಬಿ ಹೋಬಳಿಯ ಹಾಗೂ ಹುಮನಾಬಾದ ಸೀಮೆಯ ಹೊಲದೊಡೆಯರಿಗೂ ಊರ ಪ್ರಮುಖರಿಗೂ ತಿಳಿವಳಿಕೆ)

೧. ಪೀಠಿಕೆ

ಬೀದರ ಜಿಲ್ಲೆಯು ಬೇಳೆಕಾಳುಗಳ ಸೀಮೆಯೆಂಬುದು ಯಾವತ್ತೂ ರೈತರಿಗೆ ತಿಳಿದ ವಿಷಯವೇ ಆಗಿದೆ. ಮುಡಬಿಯ ಸುತ್ತಲಿನ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಉದ್ದು, ತೊಗರಿ, ಸೋಯಾ ಅವರೆಗಳೂ, ಹಿಂಗಾರಿಗೆ ಕಡಲೆ, ಬಿಳಿಜೋಳಗಳೂ ಬೆಳೆಯುತ್ತವೆ. ಇವುಗಳಲ್ಲಿ ಹೆಸರು ಅರುವತ್ತೈದು ಎಪ್ಪತ್ತು ದಿನಗಳಲ್ಲಿಯೇ ಕೈಗೆ ಬರುವ ಪೈರಾದುದರಿಂದ, ಮಳೆಗಾಲವು ಇನ್ನೂ ಮುಗಿಯದಿರುವಾಗಲೇ ಅದರ ರಾಶಿ ಮಾಡಬೇಕಾಗುತ್ತದೆ. ಆ ಸಮಯದಲ್ಲಿ ನಾಲ್ಕು ದಿನ ಜಡಿಮಳೆ ಹಿಡಿಯಿತೆಂದರೆ ಕಾಯಿಯೊಳಗಿನ ಕಾಳು ಗಿಡದ ಮೇಲೆಯೇ ಮೊಳೆತು ಬಿಡುತ್ತದೆ. ಅಂಥ ಮಾಲನ್ನು ಪೇಟೆಯಲ್ಲಿ ಕೇಳುವವರಿಲ್ಲ. ಹೀಗಾಗಿ ಮೊಳಕೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ರೈತನಿಗೆ ನಷ್ಟದ ನೆನಪಾಗುವುದು ಸಹಜವೇ ಸರಿ.

ಆದರೆ ಹೊಲದಲ್ಲಿ ನಷ್ಟವನ್ನುಂಟುಮಾಡುವ ಈ ಕ್ರಿಯೆಯೇ ಮನೆಯೊಳಗೆ, ನಮ್ಮ ಇಚ್ಛೆಗೆ ತಕ್ಕಂತೆ, ಶುಚಿಯಾಗಿ ನಡೆದರೆ ದೊಡ್ಡ ಲಾಭವನ್ನು ಕೊಡುತ್ತದೆ. ಮಡಕಿಕಾಳಿನ ಉಸಳಿ, ಹೆಸರುಕಾಳಿನ ಪಲ್ಯ, ಹುರುಳಿಯ ಸಾರು ಇವೆಲ್ಲವೂ ಮೊಳಕೆ ಕಟ್ಟಿದ ಕಾಳಿನಿಂದ ನಮ್ಮ ಹಿರಿಯರು ಮಾಡುತ್ತ ಬಂದವುಗಳೇ. ಆದುದರಿಂದ ಈ ಕರಪತ್ರವು ಹೊಸದೊಂದನ್ನು ಕಲಿಸಹೊರಟಿಲ್ಲ. ಹಬ್ಬಕ್ಕೊಮ್ಮೆ, ಸಂತೆಗೊಮ್ಮೆ ಆಗುತ್ತಿರುವ ಕೆಲಸವು ವಾರದಲ್ಲಿ ಮೂರು ನಾಲ್ಕು ದಿನ, ಕ್ರಮವರಿತು, ಅಪಾಯವಿಲ್ಲದಂತೆ ನಡೆಯಬೇಕೆಂಬುದೇ ಇದರ ಉದ್ದೇಶವು.

೨. ಕಾಳು ಮೊಳೆಯುವಾಗ ನಡೆಯುವುದೇನು?

ಒಣಗಿದ ಕಾಳು ಸತ್ತ ವಸ್ತುವಲ್ಲ, ನಿದ್ರಿಸುತ್ತಿರುವ ಗಿಡವು. ಅದರ ಎರಡು ಬೇಳೆಗಳ ನಡುವೆ ಒಂದು ಚಿಕ್ಕ ಮೂತಿಯಿರುತ್ತದೆ. ಅದೇ ಮುಂದಿನ ಸಸಿ. ಬೇಳೆಗಳು ಆ ಸಸಿಗೆ ಕಟ್ಟಿಟ್ಟ ಬುತ್ತಿ. ನೀರು, ಗಾಳಿ, ಬೆಚ್ಚನೆಯ ಹವೆ ಈ ಮೂರೂ ಒಟ್ಟಿಗೆ ದೊರೆತಾಗ ಸಸಿಯು ಎಚ್ಚತ್ತು, ಬುತ್ತಿಯನ್ನು ಬಿಚ್ಚಿ ಉಣ್ಣತೊಡಗುತ್ತದೆ. ಬೇಳೆಯಲ್ಲಿ ಗಟ್ಟಿಯಾಗಿದ್ದ ಪಿಷ್ಟವೂ ಸಸಾರಜನಕವೂ ಆಗ ಸ್ವಲ್ಪ ಸ್ವಲ್ಪವಾಗಿ ಒಡೆದು ಸುಲಭವಾಗಿ ಜೀರ್ಣವಾಗುವ ರೂಪಕ್ಕೆ ಬರುತ್ತವೆ. ಹೊಟ್ಟೆಯಲ್ಲಿ ವಾಯುವನ್ನುಂಟುಮಾಡುವ ಕೆಲವು ಸಕ್ಕರೆಗಳು ಕಡಿಮೆಯಾಗುತ್ತವೆ. ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡದ ಫೈಟಿಕ್ ಆಮ್ಲವೂ ತಗ್ಗುತ್ತದೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿರುವ ಸಿ ಜೀವಸತ್ವವು ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ.

ಬೇಳೆಯನ್ನು ನೆನೆಯಿಟ್ಟರೆ ಮೊಳಕೆ ಏಕೆ ಬಾರದೆಂದು ಕೆಲವರು ಕೇಳುವುದುಂಟು. ಕಾಳನ್ನು ಒಡೆಯುವಾಗ ಆ ಚಿಕ್ಕ ಮೂತಿಯು ಮುರಿದು ಹೋಗಿರುತ್ತದೆ. ಆದುದರಿಂದ ಇಡೀ ಕಾಳೇ ಬೇಕು.

೩. ಲಾಭವೆಷ್ಟು, ಲಾಭವಲ್ಲದ್ದು ಯಾವುದು?

ಮೊಳಕೆಯ ವಿಷಯವಾಗಿ ಅತಿಶಯೋಕ್ತಿಗಳನ್ನು ನಂಬತಕ್ಕದ್ದಲ್ಲ. ಮೊಳಕೆ ಬಂದೊಡನೆ ಸಸಾರಜನಕವು ಇಮ್ಮಡಿಯಾಗುವುದೆಂಬ ಮಾತು ನಿಜವಲ್ಲ. ನೂರು ಗ್ರಾಮು ಒಣ ಹೆಸರಿನಲ್ಲಿ ಸುಮಾರು ೨೨ ರಿಂದ ೨೪ ಗ್ರಾಮು ಸಸಾರಜನಕವಿರುತ್ತದೆ. ಅದು ನೀರು ಕುಡಿದು ಮೊಳೆತಾಗ ತೂಕವು ಇನ್ನೂರು ಗ್ರಾಮು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಸಸಾರಜನಕವು ಮಾತ್ರ ಇದ್ದಷ್ಟೇ ಇರುತ್ತದೆ. ಹೆಚ್ಚಿದ್ದು ನೀರಿನ ತೂಕವೇ ಹೊರತು ಬೇರಲ್ಲ. ಲಾಭವಿರುವುದು ಅದು ಹಗುರವಾಗಿ ಜೀರ್ಣವಾಗುವುದರಲ್ಲಿ, ಬೇಗ ಬೇಯುವುದರಿಂದ ಉರುವಲು ಉಳಿಯುವುದರಲ್ಲಿ, ಮತ್ತು ಜೀವಸತ್ವವು ದೊರೆಯುವುದರಲ್ಲಿ.

ನೂರು ಗ್ರಾಮು ಹಸಿ ಹೆಸರುಮೊಳಕೆಯಲ್ಲಿ ಸಿ ಜೀವಸತ್ವವು ಸುಮಾರು ೧೩ ಮಿಲಿಗ್ರಾಮು ಇರುತ್ತದೆ. ಬೆಳೆದ ಗಂಡಸಿಗೆ ದಿನಕ್ಕೆ ೮೦, ಹೆಂಗಸಿಗೆ ೬೫ ಮಿಲಿಗ್ರಾಮು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ ರಲ್ಲಿ ಗೊತ್ತುಪಡಿಸಿದೆ. ಆದುದರಿಂದ ಮೊಳಕೆಯೊಂದೇ ಸಾಲದು. ಪೇರಲಹಣ್ಣು, ನೆಲ್ಲಿ, ನಿಂಬೆ, ಸೊಪ್ಪುಗಳೂ ಬೇಕು. ಆದರೆ ಚೈತ್ರ ವೈಶಾಖಗಳಲ್ಲಿ ಬಾವಿಗಳು ಬತ್ತಿ, ತೋಟದಲ್ಲಿ ಸೊಪ್ಪು ಒಣಗಿ, ಸಂತೆಯ ಕಾಯಿಪಲ್ಯದ ಬೆಲೆ ಏರಿದಾಗ ಬಡವನ ಮನೆಗೆ ಹಸಿರು ಎಂಬುದು ಎಲ್ಲಿಂದ ಬರಬೇಕು? ಹಗೆಯಲ್ಲಿಯೋ ಚೀಲದಲ್ಲಿಯೋ ಇರುವ ಕಾಳು ಎರಡು ದಿನಗಳಲ್ಲಿ ತಾಜಾ ಕಾಯಿಪಲ್ಯವಾಗುವುದು ಇಂಥ ಕಾಲದಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಇದಕ್ಕೆ ಹೊಲ ಬೇಡ, ಗೊಬ್ಬರ ಬೇಡ, ಬಿಸಿಲು ಬೇಡ. ಎರಡು ತಂಬಿಗೆ ನೀರು ಸಾಕು.

ಇನ್ನೊಂದು ಮಾತು. ೨೦೧೯-೨೧ ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ ರಿಂದ ೪೯ ವರ್ಷದೊಳಗಿನ ನೂರು ಹೆಂಗಸರಲ್ಲಿ ೫೭ ಮಂದಿ ರಕ್ತಹೀನತೆಯುಳ್ಳವರು. ಕಾಳಿನಲ್ಲಿ ಕಬ್ಬಿಣದ ಅಂಶವಿದ್ದರೂ ಅದರಲ್ಲಿ ಸ್ವಲ್ಪ ಭಾಗವು ಮಾತ್ರ ರಕ್ತಕ್ಕೆ ಸೇರುತ್ತದೆ. ಮೊಳಕೆ ಕಟ್ಟಿ, ಉಣ್ಣುವಾಗ ನಿಂಬೆ ಹಿಂಡಿದರೆ ಹೆಚ್ಚು ಸೇರುತ್ತದೆ. ಊಟವಾದ ಕೂಡಲೆ ಚಹಾ ಕುಡಿದರೆ ಆ ಲಾಭವು ತಗ್ಗುವುದರಿಂದ ಚಹಾಕ್ಕೆ ಒಂದು ತಾಸು ತಡೆಯುವುದು ಒಳ್ಳೆಯದು. ಈಗಾಗಲೇ ರಕ್ತಹೀನತೆಯುಳ್ಳವರು ವೈದ್ಯರು ಕೊಟ್ಟ ಗುಳಿಗೆಗಳನ್ನು ಬಿಟ್ಟು ಮೊಳಕೆಯನ್ನೇ ಔಷಧವೆಂದು ನಂಬಿ ಕೂಡಬಾರದು.

೪. ಪೂರ್ವದ ಅನುಭವಗಳು

ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋಗಿದ್ದ ಹಿಂದೂಸ್ಥಾನದ ಸಿಪಾಯಿಗಳಲ್ಲಿ ಸ್ಕರ್ವಿ ಎಂಬ ರೋಗವು ಹಬ್ಬಿತ್ತು. ಒಸಡು ಬಾತು ರಕ್ತ ಸೋರುವುದು, ಕೀಲು ನೋಯುವುದು, ನಿಶ್ಶಕ್ತಿ ಇವು ಆ ರೋಗದ ಲಕ್ಷಣಗಳು. ತಾಜಾ ಹಣ್ಣು ಕಾಯಿಪಲ್ಯಗಳ ಅಭಾವವೇ ಅದಕ್ಕೆ ಕಾರಣ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಮೇರಿಯನ್ ಡೆಲ್ಫ್ ಎಂಬ ವಿದುಷಿಯರು ಒಣಕಾಳು ಈ ರೋಗವನ್ನು ತಡೆಯಲಾರದೆಂದೂ ಮೊಳೆತ ಕಾಳು ತಡೆಯಬಲ್ಲುದೆಂದೂ ಪ್ರಯೋಗದಿಂದ ಕಂಡು ೧೯೧೯ ರಲ್ಲಿ ಪ್ರಕಟಿಸಿದರು. ೧೯೪೦ ರ ಸುಮಾರಿನಲ್ಲಿ ಪಂಜಾಬದ ಹಿಸ್ಸಾರ ಸೀಮೆಯಲ್ಲಿ ಕ್ಷಾಮ ಬಿದ್ದು ಸ್ಕರ್ವಿ ಕಾಣಿಸಿಕೊಂಡಾಗ ಮೊಳಕೆ ಬರಿಸಿದ ಕಡಲೆಯನ್ನು ಜನರಿಗೆ ಹಂಚಿ ರೋಗವನ್ನು ಹತೋಟಿಗೆ ತರಲಾಯಿತು.

ಆಹಾರಗಳ ಗುಣಗಳನ್ನು ಪರೀಕ್ಷಿಸುವ ಕಾರ್ಯವು ನಮ್ಮ ದೇಶದಲ್ಲಿ ೧೯೧೮ ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪ್ರಾರಂಭವಾಯಿತು. ಅದೇ ಪ್ರಯೋಗಶಾಲೆಯು ೧೯೫೮ ರಲ್ಲಿ ಹೈದರಾಬಾದಿಗೆ ಬಂದು ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. ಬೆಳೆದ ಮನುಷ್ಯನ ದಿನದ ಊಟದಲ್ಲಿ ೮೫ ಗ್ರಾಮಿನಷ್ಟು ಬೇಳೆಕಾಳು ಇರಬೇಕೆಂದು ಆ ಸಂಸ್ಥೆಯ ಸಲಹೆಯಿದೆ. ಕ್ವಿಂಟಲುಗಟ್ಟಲೆ ಕಾಳು ಬೆಳೆದು ಪೇಟೆಗೆ ಸಾಗಿಸುವ ಮನೆಯಲ್ಲಿಯೇ ಇಷ್ಟು ಕಾಳು ತಾಟಿಗೆ ಬೀಳುತ್ತಿದೆಯೇ ಎಂಬುದನ್ನು ಪ್ರತಿಯೊಬ್ಬ ಯಜಮಾನನೂ ತನ್ನನ್ನು ತಾನೇ ಕೇಳಿಕೊಳ್ಳತಕ್ಕದ್ದು.

೫. ಕಾಳನ್ನು ಆರಿಸುವುದು

ಹೆಸರು, ಮಡಕಿ, ಹುರುಳಿ, ಕಡಲೆ, ಅಲಸಂದಿ ಇವು ಮೊಳಕೆಗೆ ಉತ್ತಮವಾದವು. ಹೊಸದಾಗಿ ಮಾಡುವವರು ಹೆಸರಿನಿಂದ ಪ್ರಾರಂಭಿಸತಕ್ಕದ್ದು. ತೊಗರಿಯ ಸಿಪ್ಪೆ ದಪ್ಪವಾದುದರಿಂದ ಅದು ನಿಧಾನವಾಗಿ ಮೊಳೆಯುತ್ತದೆ. ಸೋಯಾ ಅವರೆಯನ್ನು ಮೊಳಕೆ ಕಟ್ಟಬಹುದಾದರೂ ಅದರಲ್ಲಿ ಜೀರ್ಣಕ್ಕೆ ಅಡ್ಡಿಮಾಡುವ ಪದಾರ್ಥವಿರುವುದರಿಂದ ಚೆನ್ನಾಗಿ ಬೇಯಿಸದೆ ಉಣ್ಣಲೇಬಾರದು.

ಕಾಳು ಅದೇ ವರ್ಷದ್ದಾಗಿರಬೇಕು. ನುಸಿ ಹಿಡಿದದ್ದು, ಬೂಜು ಕಟ್ಟಿದ್ದು, ಒಡಕಲು, ಹೊಲದಲ್ಲಿಯೇ ಒಮ್ಮೆ ಮೊಳೆತು ಒಣಗಿದ್ದು ಇವುಗಳನ್ನು ಆರಿಸಿ ತೆಗೆಯತಕ್ಕದ್ದು. ಒಮ್ಮೆ ಮೊಳೆತು ಒಣಗಿದ ಕಾಳು ಮತ್ತೆ ಮೊಳೆಯದೆ ನೀರಿನಲ್ಲಿ ಕೊಳೆತು ಉಳಿದುದನ್ನೂ ಕೆಡಿಸುತ್ತದೆ.

ಮುಖ್ಯವಾದ ಎಚ್ಚರಿಕೆ: ಬಿತ್ತನೆಗೆಂದು ತಂದು ಉಳಿದ ಬೀಜವನ್ನು ಎಂದಿಗೂ ಮೊಳಕೆಗೆ ಹಾಕಬಾರದು. ಅಂಥ ಬೀಜಕ್ಕೆ ರೋಗ ಕೀಟಗಳು ತಗಲದಂತೆ ವಿಷದ ಔಷಧಿಯನ್ನು ಲೇಪಿಸಿರುತ್ತಾರೆ. ಗುರುತಿಗಾಗಿ ಕೆಂಪು, ಗುಲಾಬಿ, ನೀಲಿ ಬಣ್ಣವನ್ನು ಸೇರಿಸಿರುವುದುಂಟು. ಎಷ್ಟು ತೊಳೆದರೂ ಆ ವಿಷವು ಪೂರ್ತಿ ಹೋಗುವುದಿಲ್ಲ. ಬಣ್ಣ ಹೋಯಿತೆಂದರೆ ವಿಷವೂ ಹೋಯಿತೆಂದು ತಿಳಿಯಬಾರದು. ಬಿತ್ತನೆಯ ಚೀಲವನ್ನು ಅಡಿಗೆಮನೆಯೊಳಗೆ ತರದಿರುವುದೇ ಲೇಸು. ಮನೆಯ ಉಪಯೋಗದ ಕಾಳನ್ನು ರಾಶಿಯ ದಿವಸವೇ ಬೇರೆ ತೆಗೆದು, ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಸೇರಿಸಿ ಮುಚ್ಚಿಡತಕ್ಕದ್ದು.

೬. ಮೊಳಕೆ ಕಟ್ಟುವ ಕ್ರಮ

ಐದಾರು ಜನರ ಮನೆಗೆ ಒಂದು ಹೊತ್ತಿಗೆ ಕಾಲು ಕಿಲೋ ಒಣಕಾಳು ಸಾಕು. ಅದು ಮೊಳೆತಾಗ ಅರ್ಧ ಕಿಲೋವಿಗೆ ಮೇಲ್ಪಟ್ಟು ಆಗುತ್ತದೆ.

(ಅ) ಮೊದಲು ಕೈಗಳನ್ನೂ ಪಾತ್ರೆಯನ್ನೂ ಸಾಬೂನಿನಿಂದ ತೊಳೆಯಬೇಕು. ಕಾಳನ್ನು ಮೂರು ನಾಲ್ಕು ನೀರಿನಲ್ಲಿ ತಿಕ್ಕಿ ತೊಳೆದು, ತೇಲುವ ಜೊಳ್ಳನ್ನು ಚೆಲ್ಲಬೇಕು.

(ಆ) ಕಾಳಿನ ಮೂರರಷ್ಟು ಕುಡಿಯುವ ನೀರನ್ನು ಹಾಕಿ ನೆನೆಯಿಡಬೇಕು. ಹೆಸರು, ಮಡಕಿಗಳಿಗೆ ಎಂಟು ತಾಸು. ಹುರುಳಿ, ಕಡಲೆಗಳಿಗೆ ಹತ್ತರಿಂದ ಹನ್ನೆರಡು ತಾಸು. ಇದಕ್ಕೂ ಹೆಚ್ಚು ಹೊತ್ತು ನೀರಿನಲ್ಲಿ ಮುಳುಗಿದ್ದರೆ ಗಾಳಿಯಿಲ್ಲದೆ ಮೂತಿಯು ಸಾಯುತ್ತದೆ.

(ಇ) ನೀರನ್ನು ಪೂರ್ತಿ ಬಸಿದು ಚೆಲ್ಲಬೇಕು. ವಾಯುಕಾರಕವಾದ ಸಕ್ಕರೆಯ ಕೆಲವು ಅಂಶವು ಈ ನೀರಿನೊಡನೆ ಹೋಗುವುದರಿಂದ ಇದನ್ನು ಅಡಿಗೆಗೆ ಬಳಸದೆ ಕರಿಬೇವಿನ ಗಿಡಕ್ಕೋ ಕುಂಬಳದ ಬಳ್ಳಿಗೋ ಹಾಕಬಹುದು. ನೆನೆಯದೆ ಕಲ್ಲಿನಂತೆ ಉಳಿದ ಕಾಳುಗಳನ್ನು ಈಗಲೇ ಆರಿಸಿ ತೆಗೆದರೆ ಮುಂದೆ ಹಲ್ಲಿಗೆ ಸಿಕ್ಕುವುದಿಲ್ಲ.

(ಈ) ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಬಿಳಿಯ ತೆಳು ಅರಿವೆಯಲ್ಲಿ ಕಾಳನ್ನು ಸಡಿಲವಾಗಿ ಗಂಟು ಕಟ್ಟಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಬಿಗಿಯಾಗಿ ಕಟ್ಟಿದರೆ ನಡುವಿನ ಕಾಳಿಗೆ ಗಾಳಿ ಸಿಕ್ಕದೆ ಅದು ಹುಳಿಯುತ್ತದೆ. ಕಾಳು ಉಬ್ಬುವುದಕ್ಕೆ ಗಂಟಿನಲ್ಲಿ ಅಷ್ಟೇ ಸ್ಥಳವನ್ನು ಬಿಟ್ಟಿರಬೇಕು.

(ಉ) ಬೆಳಿಗ್ಗೆ, ಸಂಜೆ ಎರಡು ಸಲ ಗಂಟನ್ನು ಕುಡಿಯುವ ನೀರಿನಲ್ಲಿ ಅದ್ದಿ, ನೀರು ಪೂರ್ತಿ ಸೋರಿದ ಮೇಲೆ ಮತ್ತೆ ತೂಗುಹಾಕಬೇಕು. ಅರಿವೆಯು ತೇವವಾಗಿರಬೇಕೇ ಹೊರತು ನೀರು ನಿಲ್ಲಬಾರದು.

(ಊ) ಬೇಸಗೆಯಲ್ಲಿ ಹನ್ನೆರಡರಿಂದ ಹದಿನೆಂಟು ತಾಸುಗಳಲ್ಲಿಯೂ, ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಮೂವತ್ತಾರು ತಾಸುಗಳವರೆಗೂ ಮೊಳಕೆ ಬರುತ್ತದೆ. ಮೊಳಕೆಯು ಕಾಳಿನಷ್ಟೇ ಉದ್ದವಾದಾಗ, ಅಥವಾ ಹೆಚ್ಚೆಂದರೆ ಅರ್ಧ ಅಂಗುಲವಾದಾಗ ಬಳಸುವುದು ಉತ್ತಮ. ಅದಕ್ಕಿಂತ ಬೆಳೆದರೆ ನಾರುನಾರಾಗಿ ರುಚಿ ಕೆಡುತ್ತದೆ.

೭. ಕೆಟ್ಟುಹೋಗುವುದಕ್ಕೆ ಕಾರಣಗಳು

ಒಳ್ಳೆಯ ಮೊಳಕೆಗೆ ಹಸಿ ಕಾಳಿನ ವಾಸನೆಯಿರುತ್ತದೆ. ಮುಟ್ಟಿದರೆ ಲೋಳೆಯಾಗಿದ್ದು, ಹುಳಿಯ ವಾಸನೆ ಬಂದರೆ ಕೆಟ್ಟಿದೆಯೆಂದು ತಿಳಿಯಬೇಕು. ಬೇಸಗೆಯ ಸೆಕೆ, ನೀರು ನಿಲ್ಲುವುದು, ತೊಳೆಯದ ಅರಿವೆ, ಒಡಕಲು ಕಾಳು ಇವೇ ಅದರ ಕಾರಣಗಳು. ಬಿಸಿಲು ನಲವತ್ತು ಡಿಗ್ರಿಗೆ ಏರುವ ದಿನಗಳಲ್ಲಿ ನೆನೆಯಿಟ್ಟ ನೀರನ್ನು ನಡುವೆ ಒಮ್ಮೆ ಬದಲಿಸಿ, ಗಂಟನ್ನು ದಿನಕ್ಕೆ ಮೂರು ಸಲ ಅದ್ದಿ, ನೀರಿನ ಹರವಿಗಳಿರುವ ತಂಪು ಮೂಲೆಯಲ್ಲಿ ತೂಗುಹಾಕತಕ್ಕದ್ದು. ಚಳಿಗಾಲದಲ್ಲಿ ಒಲೆಯ ಸಮೀಪದಲ್ಲಿ ಬುಟ್ಟಿ ಕವುಚಿ ಇಡಬಹುದು. ಕೆಟ್ಟ ಮೊಳಕೆಯನ್ನು ತೊಳೆದು ಬಳಸುವ ಜಿಪುಣತನ ಬೇಡ, ತಿಪ್ಪೆಗೆ ಹಾಕಿರಿ. ಕಾಲು ಕಿಲೋ ಕಾಳಿಗಿಂತ ಮಗುವಿನ ಹೊಟ್ಟೆ ದೊಡ್ಡದು.

೮. ಬೇಯಿಸಿಯೇ ಉಣ್ಣತಕ್ಕದ್ದು

ಹಸಿಯ ಮೊಳಕೆಯಲ್ಲಿಯೇ ಹೆಚ್ಚು ಸತ್ವವಿದೆಯೆಂದು ಕೆಲವರು ಹೇಳುವರು. ಸಿ ಜೀವಸತ್ವದ ಮಟ್ಟಿಗೆ ಅದು ನಿಜವೇ. ಆದರೆ ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ಹವೆಗಳೇ ರೋಗಾಣುಗಳಿಗೂ ಬೇಕಾದವು. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಹೊಲದ ಮಣ್ಣಿನಿಂದಲೋ ಸಗಣಿಯಿಂದಲೋ ಬಂದ ಒಂದೆರಡು ಅಣುಗಳು ಎರಡು ದಿನಗಳಲ್ಲಿ ಲೆಕ್ಕವಿಲ್ಲದಷ್ಟಾಗುತ್ತವೆ. ೧೯೯೬ ರಲ್ಲಿ ಜಪಾನದ ಸಕಾಯಿ ನಗರದ ಶಾಲೆಗಳಲ್ಲಿ ಸಾವಿರಾರು ಮಕ್ಕಳು ಬೇನೆ ಬಿದ್ದಾಗ ಸಂಶಯವು ಮೂಲಂಗಿಯ ಮೊಳಕೆಯ ಮೇಲೆಯೇ ಬಂದಿತು. ೨೦೧೧ ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹಬ್ಬಿದ ರೋಗಕ್ಕೆ ಮೂರು ಸಾವಿರದ ಎಂಟು ನೂರಕ್ಕೂ ಹೆಚ್ಚು ಜನ ತುತ್ತಾಗಿ, ಐವತ್ತಕ್ಕೂ ಹೆಚ್ಚು ಜನ ಮೃತಪಟ್ಟರು. ಅಷ್ಟು ಶುಚಿಯಾದ ದೇಶಗಳಲ್ಲಿಯೇ ಹೀಗಾದ ಮೇಲೆ ನಾವು ಎಚ್ಚರಿಕೆಯಿಂದಿರುವುದು ಅಗತ್ಯವು.

ಆದುದರಿಂದ ಮೊಳಕೆಯನ್ನು ಬೇಯಿಸಿಯೇ ಉಣ್ಣತಕ್ಕದ್ದು. ಸಣ್ಣ ಮಕ್ಕಳು, ಬಸುರಿ ಬಾಣಂತಿಯರು, ಮುದುಕರು, ರೋಗಿಗಳು ಇವರಿಗೆ ಹಸಿಯದನ್ನು ಕೊಡಲೇಬಾರದು. ನಮ್ಮ ಉಸಳಿಯ ರೀತಿಯೇ ಇದಕ್ಕೆ ಸರಿಯಾದ ಮಾರ್ಗ. ಒಗ್ಗರಣೆಯಲ್ಲಿ ಬಳ್ಳೊಳ್ಳಿ, ಕರಿಬೇವು ಹಾಕಿ, ಮೊಳಕೆಯನ್ನು ಸುರಿದು, ಸ್ವಲ್ಪವೇ ನೀರು ಚಿಮುಕಿಸಿ, ಮುಚ್ಚಳವಿಟ್ಟು ಹಬೆಯಲ್ಲಿ ಹದವಾಗಿ ಬೇಯಿಸಬೇಕು. ಹೆಸರು, ಮಡಕಿಗಳು ಹತ್ತು ಹದಿನೈದು ಮಿನಿಟುಗಳಲ್ಲಿ ಬೇಯುತ್ತವೆ; ಹುರುಳಿ, ಕಡಲೆಗಳಿಗೆ ಇನ್ನೂ ಹೊತ್ತು ಬೇಕು. ಬೇಗ ಬೇಯಲೆಂದು ಸೋಡಾ ಹಾಕಿದರೆ ಜೀವಸತ್ವಗಳು ನಾಶವಾಗುತ್ತವೆ. ಬೆಂದ ನೀರನ್ನು ಚೆಲ್ಲಬಾರದು. ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಸೇಂಗಾ ಪುಡಿ ಉದುರಿಸಿ, ಜೋಳದ ರೊಟ್ಟಿಯೊಡನೆ ಉಣ್ಣಬೇಕು. ಜೋಳದ ಸಸಾರಜನಕದಲ್ಲಿ ಕೊರತೆಯಾದುದನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಜೋಳವು ತುಂಬುತ್ತದೆ. ರೊಟ್ಟಿ ಉಸಳಿಗಳ ಜೋಡಿಯು ಬರಿಯ ರುಚಿಗಾಗಿ ಹುಟ್ಟಿದ್ದಲ್ಲ. ಆರು ತಿಂಗಳು ದಾಟಿದ ಕೂಸಿಗೆ ಇದನ್ನೇ ಖಾರವಿಲ್ಲದೆ ಮೆತ್ತಗೆ ಬೇಯಿಸಿ, ನುಣ್ಣಗೆ ಅರೆದು ಉಣಿಸಬಹುದು.

೯. ಜೋಳದ ಮೊಳಕೆಯ ವಿಷಯವಾಗಿ ಎಚ್ಚರಿಕೆ

ಕಾಳಿನಂತೆ ಜೋಳವನ್ನೂ ಮೊಳಕೆ ಬರಿಸಿ ತಿನ್ನಬಹುದೆಂದು ಯಾರೂ ಊಹಿಸಬಾರದು. ಮಳೆ ತಪ್ಪಿದಾಗ ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ಉಬ್ಬಸ ಹತ್ತಿ ಬಿದ್ದು ಸಾಯುವುದನ್ನು ನೀವು ಕಂಡಿರುವಿರಿ. ಅದೇ ವಿಷವು ಜೋಳದ ಕಾಳು ಮೊಳೆಯುವಾಗ ಅದರ ಸಸಿಯಲ್ಲಿಯೂ ಹುಟ್ಟುತ್ತದೆ. ಹೆಸರು ಕಡಲೆಗಳ ಮೊಳಕೆಯಲ್ಲಿ ಈ ಭಯವಿಲ್ಲ. ಜೋಳವು ರೊಟ್ಟಿಗೆ, ಕಾಳು ಮೊಳಕೆಗೆ ಎಂಬುದನ್ನು ನೆನಪಿಡತಕ್ಕದ್ದು.

೧೦. ಇದೇ ಕ್ರಮದಿಂದ ಬಿತ್ತನೆಯ ಬೀಜದ ಪರೀಕ್ಷೆ

ಮೊಳಕೆ ಕಟ್ಟುವುದನ್ನು ಅರಿತ ಮನೆಯು ಬೀಜವನ್ನು ಪರೀಕ್ಷಿಸುವುದನ್ನೂ ಅರಿತಂತೆಯೇ. ಮೃಗಶಿರಾ ಮಳೆಗೆ ಹದಿನೈದು ದಿವಸ ಮುಂಚಿತವಾಗಿ, ಔಷಧಿ ಲೇಪಿಸದ ಮನೆಯ ಬೀಜದ ರಾಶಿಯ ಮೇಲೆ, ನಡುವೆ, ಕೆಳಗೆ ಮೂರು ಕಡೆಯಿಂದ ತೆಗೆದು, ಆರಿಸದೆ, ನೂರು ಕಾಳುಗಳನ್ನು ಎಣಿಸಬೇಕು. ಒದ್ದೆ ಅರಿವೆಯ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು ಸುರುಳಿ ಸುತ್ತಿ, ಏಳೆಂಟು ದಿನ ತೇವವಾಗಿ ಇಡಬೇಕು. ಬೇರು ಕುಡಿಗಳೆರಡೂ ನೆಟ್ಟಗೆ ಬಂದ ಸಸಿಗಳನ್ನು ಮಾತ್ರ ಎಣಿಸತಕ್ಕದ್ದು. ಹೆಸರು, ಉದ್ದು, ತೊಗರಿಗಳಲ್ಲಿ ನೂರಕ್ಕೆ ೭೫, ಕಡಲೆಯಲ್ಲಿ ೮೫, ಸೋಯಾ ಅವರೆಯಲ್ಲಿ ೭೦ ಸಸಿಗಳು ಬರಬೇಕೆಂಬುದು ಪ್ರಮಾಣಿತ ಬೀಜದ ನಿಯಮವು.

ಉದಾಹರಣೆ: ಹೆಸರು ನೂರಕ್ಕೆ ೭೫ ರಂತೆ ಮೊಳೆಯುವಾಗ ಎಕರೆಗೆ ೬ ಕಿಲೋ ಬಿತ್ತುವವರು, ೬೦ ಮಾತ್ರ ಮೊಳೆಯುವ ಬೀಜವಾದರೆ ಏಳೂವರೆ ಕಿಲೋ ಬಿತ್ತಬೇಕಾಗುತ್ತದೆ. ಐವತ್ತಕ್ಕೂ ಕಡಿಮೆಯಾದರೆ ಆ ಬೀಜವನ್ನು ಬಿಟ್ಟು ಬೇರೆಯದನ್ನು ತರುವುದೇ ಮೇಲು. ಮಳೆ ಬಂದ ಮೇಲೆ, ಹೊಲ ಬೋಳಾಗಿ ನಿಂತಾಗ ತಿಳಿಯುವ ಸಂಗತಿಯನ್ನು ಒಂದು ತುಂಡು ಅರಿವೆಯು ಹದಿನೈದು ದಿನ ಮೊದಲೇ ತಿಳಿಸಿಕೊಡುತ್ತದೆ.

೧೧. ಊರ ಪ್ರಮುಖರ ಕರ್ತವ್ಯ

ಊರಲ್ಲಿ ಹಿರಿಯರಾದವರು ತಮ್ಮ ಮನೆಯಲ್ಲಿ ನಡೆಯಿಸಿದ್ದನ್ನು ಇತರರು ನೋಡಿ ಅನುಸರಿಸುವರು. ನಾಗರಪಂಚಮಿಯಲ್ಲಿ ಕಡಲೆಯ ಉಸಳಿಯನ್ನೂ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಹಸಿಕಾಳುಗಳ ಭಜ್ಜಿಯನ್ನೂ ನೆರೆಹೊರೆಯವರೊಡನೆ ಹಂಚಿ ಉಣ್ಣುವ ಪದ್ಧತಿಯು ಈ ಸೀಮೆಯಲ್ಲಿದೆ. ಆ ಹಂಚಿಕೆಯನ್ನು ಬೇಸಗೆಯ ಬಡದಿನಗಳಿಗೂ ವಿಸ್ತರಿಸಬಹುದು. ರಾಶಿಯ ಕಾಲದಲ್ಲಿ ಕಾಳು ಪೂರ್ತಿ ಪೇಟೆಗೆ ಹೋಗದಂತೆ, ಮನೆಯಲ್ಲಿ ದುಡಿಯುವ ಆಳಿನ ಸಂಸಾರಕ್ಕೂ ಒಂದು ಪಾಲು ಹೆಸರೋ ಕಡಲೆಯೋ ಉಳಿಯುವಂತೆ ನೋಡಿಕೊಳ್ಳುವುದು ಹೊಲದೊಡೆಯನಿಗೆ ಭಾರವಾಗದು.

೨೦೦೨ ರಲ್ಲಿ ಅಕ್ಷರ ದಾಸೋಹವೆಂಬ ಶಾಲೆಯ ಬಿಸಿಯೂಟವು ಕರ್ನಾಟಕದಲ್ಲಿ ಮೊಟ್ಟಮೊದಲು ಪ್ರಾರಂಭವಾದ ಈಶಾನ್ಯದ ಜಿಲ್ಲೆಗಳಲ್ಲಿ ಬೀದರವೂ ಒಂದು. ಊರಿನ ಶಾಲೆ, ಅಂಗನವಾಡಿಗಳಿಗೆ ಕಾಳನ್ನು ದಾನವಾಗಿ ಕೊಡುವವರು, ಅಡಿಗೆಯವರು ಮೇಲ್ಕಂಡ ಶುಚಿಯ ಕ್ರಮವನ್ನು ಪಾಲಿಸುವರೆಂದು ಖಾತ್ರಿ ಮಾಡಿಕೊಂಡು, ಚೆನ್ನಾಗಿ ಬೇಯಿಸಿದ ಮೊಳಕೆಯನ್ನೇ ಬಡಿಸುವಂತೆ ಏರ್ಪಡಿಸತಕ್ಕದ್ದು.

೧೨. ಸಾರಾಂಶ

ಇಡೀ ಕಾಳು, ಅದೇ ವರ್ಷದ ಕಾಳು, ಔಷಧಿ ತಗಲದ ಕಾಳು. ಎಂಟರಿಂದ ಹನ್ನೆರಡು ತಾಸು ನೆನೆ. ತೊಳೆದ ಅರಿವೆಯಲ್ಲಿ ಸಡಿಲವಾದ ಗಂಟು. ದಿನಕ್ಕೆ ಎರಡು ಸಲ ನೀರು. ಅರ್ಧ ಅಂಗುಲದೊಳಗಿನ ಮೊಳಕೆ. ಹಬೆಯಲ್ಲಿ ಬೇಯಿಸಿ, ಇಳಿಸಿದ ಮೇಲೆ ನಿಂಬೆ. ಜೋಳದ ಮೊಳಕೆ ಬೇಡ.

ಈ ಕರಪತ್ರವನ್ನು ಓದಬಲ್ಲವರು ಓದಲಾರದವರಿಗೆ, ಮುಖ್ಯವಾಗಿ ಮನೆಯ ಹೆಂಗಸರಿಗೆ, ಓದಿ ಹೇಳಬೇಕಾಗಿ ಕೋರಲಾಗಿದೆ. ಅವರಲ್ಲಿ ಅನೇಕರಿಗೆ ಈ ಕೆಲಸವು ನಮಗಿಂತ ಚೆನ್ನಾಗಿ ತಿಳಿದಿರುವುದು. ಅವರಿಗೆ ಬೇಕಾದ ಕಾಳು ಮನೆಯಲ್ಲಿ ವರ್ಷವಿಡೀ ಇರುವಂತೆ ನೋಡಿಕೊಳ್ಳುವುದು ಯಜಮಾನನ ಪಾಲಿನ ಕೆಲಸವು.